ನಾಗಕ್ಕನ ಮೂಗು

ನನ್ನ ಬಾಯಿ ಸರಿಯಿಲ್ಲ ಎಂದು ಪೀಣ್ಯ ಎರಡನೇ ಹಂತದಲ್ಲಿ ಎಲ್ಲರಿಗೂ ಗೊತ್ತು. ಗೊತ್ತಿರಲಿ. ಹತ್ತೊಂಬತ್ತು ವರ್ಷ ಒಂದೇ ಶೆಡ್ಡಿನಲ್ಲಿ, ಒಂದೇ ಹಂಡೆಯ ಮುಂದೆ ನಿಂತವಳು ನಾನು. ಹಲ್ಲು ಕಿರಿದುಕೊಂಡು ನಿಂತಿದ್ದರೆ ಈ ಗಂಡಸರು ನನ್ನನ್ನು ಎಂದೋ ಕಸ ಗುಡಿಸಲು ಹಾಕಿಬಿಡುತ್ತಿದ್ದರು. ಹೆಸರು ನಾಗಲಕ್ಷ್ಮಮ್ಮ. ಎಲ್ಲರೂ ನಾಗಕ್ಕ ಎನ್ನುತ್ತಾರೆ. ಬೆನ್ನ ಹಿಂದೆ ಏನೆನ್ನುತ್ತಾರೋ ಅದು ಅವರ ಹಣೆಬರಹ.

ನಮ್ಮದು ಕೊಳಕು ಅಸಿಟೋನನ್ನು ಶುದ್ಧ ಮಾಡಿ ವಾಪಸ್ಸು ಕೊಡುವ ಸಣ್ಣ ಕಾರ್ಖಾನೆ. ಫೈಬರ್ ಕೆಲಸದವರು, ಕನ್ನಡಕದ ಗಾಜು ಮಾಡುವವರು, ಬಣ್ಣ ಹೊಡೆಯುವವರು ತಮ್ಮ ಸಾಮಾನನ್ನೆಲ್ಲ ಅದರಲ್ಲಿ ತೊಳೆದು, ಕಪ್ಪಾದ ಮೇಲೆ ಡ್ರಮ್ಮಿನಲ್ಲಿ ತುಂಬಿ ನಮಗೆ ಕಳಿಸುತ್ತಾರೆ. ಅದನ್ನು ಉಕ್ಕಿನ ಹಂಡೆಗೆ ಹಾಕಿ, ಹಂಡೆಯ ಸುತ್ತ ಹಬೆ ಹಾಯಿಸಿ ಕಾಯಿಸುತ್ತೇವೆ. ಬೆಂಕಿ ಮಾತ್ರ ಹತ್ತಿರ ಸುಳಿಯಕೂಡದು. ಐವತ್ತಾರು ಡಿಗ್ರಿಗೆ ಅಸಿಟೋನ್ ಆವಿಯಾಗಿ ಎದ್ದು ಕೊಳವೆ ಹತ್ತುತ್ತದೆ. ಬಣ್ಣ, ಅಂಟು, ಜಿಡ್ಡು ಇವಕ್ಕೆಲ್ಲ ಅಷ್ಟು ಬಿಸಿಗೆ ಏಳುವ ಯೋಗ್ಯತೆ ಇಲ್ಲ, ತಳದಲ್ಲೇ ಬಿದ್ದಿರುತ್ತವೆ. ಮೇಲೆ ಹೋದ ಆವಿ ತಣ್ಣೀರಿನ ಕೊಳವೆಗಳನ್ನು ಮುಟ್ಟಿ ತಣ್ಣಗಾಗಿ, ಮತ್ತೆ ದ್ರವವಾಗಿ ಈಚೆಯ ಪಾತ್ರೆಗೆ ತೊಟ್ಟಿಕ್ಕುತ್ತದೆ. ಕೀಲೆಣ್ಣೆಯಂತೆ ಒಳಗೆ ಹೋದದ್ದು ಕಣ್ಣೀರಿನಷ್ಟು ತಿಳಿಯಾಗಿ ಹೊರಗೆ ಬರುತ್ತದೆ. ಹತ್ತೊಂಬತ್ತು ವರ್ಷ ನೋಡಿದರೂ ನನಗೆ ಅದು ಬೇಜಾರಾಗಿಲ್ಲ.

ಆದರೆ ಕಾಯಿಸಿದ್ದೆಲ್ಲ ಶುದ್ಧವಾಗುತ್ತದೆ ಎಂದುಕೊಂಡರೆ ಕೆಟ್ಟಿರಿ. ಚಪ್ಪಲಿ ಅಂಟಿಸುವವರು ಬಳಸುವ ಹೆಕ್ಸೇನ್ ಎಂಬುದೊಂದಿದೆ. ಅದು ಅಸಿಟೋನಿಗೆ ಬೆರೆತರೆ ಮುಗಿಯಿತು. ಬೇರೆ ಬೇರೆ ಇದ್ದಾಗ ಬೇರೆ ಬೇರೆ ಬಿಸಿಗೆ ಏಳುವ ಇವೆರಡೂ, ಬೆರೆತಾಗ ಕೈಕೈ ಹಿಡಿದುಕೊಂಡು ಒಟ್ಟಿಗೇ ಎದ್ದುಬಿಡುತ್ತವೆ. ಎಷ್ಟು ಸಲ ಕಾಯಿಸಿದರೂ ಬಿಡವು. ನೋಡಲು ಅದೂ ತಿಳಿಯೇ, ಇದೂ ತಿಳಿಯೇ. ಬಿಸಿ ತೋರಿಸುವ ನಮ್ಮ ಡಯಲ್ಲಂತೂ ಮನಸ್ಸು ಬಂದಂತೆ ನಾಲ್ಕು ಡಿಗ್ರಿ ಆಚೀಚೆ ಸುಳ್ಳು ಹೇಳುತ್ತದೆ. ಅದನ್ನು ಹಿಡಿಯಲು ನಮ್ಮಲ್ಲಿದ್ದ ಯಂತ್ರ ಒಂದೇ, ನನ್ನ ಮೂಗು.

ಈ ಶೆಡ್ಡು ಕಟ್ಟಿಸಿದ ಚಿಕ್ಕಬೈರಪ್ಪನವರು, ಈಗ ತೀರಿಕೊಂಡಿದ್ದಾರೆ, ಆ ಪದ್ಧತಿ ಹಾಕಿದ್ದರು. ಪ್ರತಿ ಡ್ರಮ್ ತುಂಬುವ ಮೊದಲು ನಾನು ಬಿಳಿ ಕಾಗದದ ಪಟ್ಟಿಯೊಂದನ್ನು ಪಾತ್ರೆಯಲ್ಲಿ ಅದ್ದಿ, ಮೂರು ಸಲ ಬೀಸಿ, ಮೂಸಿ, ಎಲ್ಲರಿಗೂ ಕೇಳುವಂತೆ “ಕಟ್ಟು” ಎನ್ನಬೇಕು. ಆಗ ಶೆಡ್ಡಿನ ಕೆಲಸಗಾರ ಮುರಳಿ ಡ್ರಮ್ಮಿನ ಕತ್ತಿಗೆ ಹಸಿರು ಚೀಟಿ ಕಟ್ಟುತ್ತಾನೆ. ನಾನು “ಕಟ್ಟು” ಎನ್ನದೆ ಒಂದು ಡ್ರಮ್ಮೂ ಗೇಟು ದಾಟಿದ್ದಿಲ್ಲ. ಪಕ್ಕದ ಕಾರ್ಖಾನೆಯವರು ಕೂಡ ಬಾಟಲಿ ಹಿಡಿದುಕೊಂಡು ಬಂದು, “ನಾಗಕ್ಕ, ಇದೊಂಚೂರು ಮೂಸಿ ನೋಡಿ” ಎನ್ನುತ್ತಿದ್ದರು. ಎಂಟನೇ ಕ್ಲಾಸು ಓದಿದವಳು ನಾನು. ಗಂಡ ತೀರಿಕೊಂಡು ಒಂಬತ್ತು ವರ್ಷವಾಯಿತು, ಮಕ್ಕಳಾಗಲಿಲ್ಲ. ನನ್ನದು ಎಂದು ಹೇಳಿಕೊಳ್ಳಲು ಇದ್ದದ್ದು ಅದೊಂದೇ ಮಾತು.

ಮೂರು ವರ್ಷದ ಹಿಂದೆ ನನಗೆ ಜ್ವರ ಬಂತು. ಎಂಟು ದಿನ ಮಲಗಿ ಎದ್ದು ಕಾಫಿ ಸೋಸಿದೆ, ವಾಸನೆ ಇಲ್ಲ. ಪುಡಿ ಕೆಟ್ಟಿದೆಯೆಂದು ಅಂಗಡಿಯವನಿಗೆ ಬೈದು ಬಂದೆ. ಆಮೇಲೆ ಸೋಪು ಮೂಸಿದೆ, ಇಂಗು ಮೂಸಿದೆ, ಸೀಮೆಎಣ್ಣೆಯ ಹಳೇ ಡಬ್ಬ ಮೂಸಿದೆ. ಏನೂ ಇಲ್ಲ. ಡಾಕ್ಟರು, “ಬರಬಹುದು ಅಮ್ಮ, ಬರದೇನೂ ಇರಬಹುದು. ಇಷ್ಟು ವರ್ಷ ಆ ಆವಿಯಲ್ಲೇ ಇದ್ದೀರಲ್ಲ” ಎಂದರು. ಬರಲಿಲ್ಲ.

ಯಾರಿಗೂ ಹೇಳಲಿಲ್ಲ. ಹೇಳಿ ಏನು ಮಾಡಲಿ? ಮೂಗಿಲ್ಲದ ನಾಗಕ್ಕ ಎಂದರೆ ಬರೀ ಬಾಯಿಯ ನಾಗಕ್ಕ. ಅವಳನ್ನು ಯಾರು ಇಟ್ಟುಕೊಳ್ಳುತ್ತಾರೆ?

ಉಪಾಯವೊಂದು ನನಗೆ ಗೊತ್ತಿತ್ತು. ಅಸಿಟೋನ್ ನೀರಿನಲ್ಲಿ ಪೂರ್ತಿ ಕರಗುತ್ತದೆ, ಹೆಕ್ಸೇನ್ ಕರಗುವುದಿಲ್ಲ. ಪುಟ್ಟ ಗಾಜಿನ ಬಾಟಲಿಯಲ್ಲಿ ನೀರಿಟ್ಟು ನಾಲ್ಕು ಹನಿ ಹಾಕಿ ಕುಲುಕಿದರೆ, ಹೆಕ್ಸೇನ್ ಇದ್ದರೆ ಮಜ್ಜಿಗೆ ನೀರಿನಂತೆ ಬೆಳ್ಳಗಾಗುತ್ತದೆ. ತೊಳೆಯುವ ತೊಟ್ಟಿಯ ಹಿಂದೆ ಆ ಬಾಟಲಿ ಇಟ್ಟಿದ್ದೆ. ಕೈ ತೊಳೆಯುವ ನೆಪದಲ್ಲಿ ಹೋಗಿ ನೋಡಿಕೊಂಡು ಬಂದು, ಆಮೇಲೆ ಎಲ್ಲರ ಮುಂದೆ ಪಟ್ಟಿ ಬೀಸಿ, ಮೂಸುವ ನಾಟಕವಾಡಿ, “ಕಟ್ಟು” ಎನ್ನುತ್ತಿದ್ದೆ. ಮೂರು ವರ್ಷ ಒಂದು ಸಲವೂ ತಪ್ಪಲಿಲ್ಲ. ಆ ಬಾಟಲಿಯನ್ನು ಎಲ್ಲರಿಗೂ ತೋರಿಸಿಯೇ ಮಾಡಬಹುದಿತ್ತಲ್ಲ ಎಂದು ಈಗ ಯಾರಾದರೂ ಕೇಳಿಯಾರು. ನೀರಿನ ಬಾಟಲಿಯನ್ನು ಯಾರು ಬೇಕಾದರೂ ಕುಲುಕಬಹುದು.

ಕೆಲಸ ಹೀಗೆ ನಡೆಯಿತು. ಬದುಕು ನಡೆಯಲಿಲ್ಲ. ಗೌರಿ ಹಬ್ಬಕ್ಕೆ ಮಾಡಿದ್ದ ಪಾಯಸವನ್ನು ಮನೆ ಓನರ್ ಲಕ್ಷ್ಮಮ್ಮನವರಿಗೆ ಕೊಟ್ಟೆ, ಹಾಲು ಹುಳಿಯಾಗಿತ್ತೇನೋ. ಅವರು ಬಾಯಿ ಬಿಟ್ಟು ಏನೂ ಹೇಳಲಿಲ್ಲ, ಸಂಜೆ ಮೋರಿಗೆ ಚೆಲ್ಲುವುದನ್ನು ನಾನೇ ಕಂಡೆ. ಅಂದಿನಿಂದ ಯಾರಿಗೂ ಒಂದು ತುತ್ತು ಕೊಟ್ಟವಳಲ್ಲ. ನನ್ನ ಮೈ ವಾಸನೆ ನನಗೇ ಗೊತ್ತಾಗದು, ಅದು ಇನ್ನೊಂದು ನರಕ. ದಿನಕ್ಕೆ ಎರಡು ಸಲ ಸ್ನಾನ ಮಾಡಿದರೂ ಅನುಮಾನ. ಬಸ್ಸಿನಲ್ಲಿ ಪಕ್ಕದವಳು ಮುಖ ತಿರುಗಿಸಿದರೆ ಎದ್ದು ನಿಲ್ಲುತ್ತಿದ್ದೆ. ಊಟದ ಹೊತ್ತಿಗೆ ಎಲ್ಲರಿಂದ ದೂರ, ಗೋಡೆಯ ಮೂಲೆಗೆ ಹೋಗಿ ಡಬ್ಬಿ ಬಿಚ್ಚುತ್ತಿದ್ದೆ. ನಾಗಕ್ಕನಿಗೆ ಜಂಬ ಬಂದಿದೆ ಎಂದರು. ಅನ್ನಲಿ ಎಂದು ಬಿಟ್ಟೆ. ನಾರುತ್ತಾಳೆ ಎನ್ನುವುದಕ್ಕಿಂತ ಜಂಬ ಎನ್ನುವುದು ವಾಸಿ.

ಹೀಗಿರುವಾಗ ಮೂರು ತಿಂಗಳ ಹಿಂದೆ ಕೃಪಾ ಬಂದಳು. ಇಪ್ಪತ್ಮೂರು ವರ್ಷದ ಹುಡುಗಿ, ಬಿಎಸ್ಸಿ ಕೆಮಿಸ್ಟ್ರಿ, ನಾಗಸಂದ್ರದಿಂದ ಸ್ಕೂಟರಿನಲ್ಲಿ ಬರುತ್ತಾಳೆ. ಚಿಕ್ಕಬೈರಪ್ಪನವರ ಮಗ ನಂದೀಶ್, ಈಗ ಅವನೇ ಮಾಲೀಕ, ಪರೀಕ್ಷೆ ಮಾಡುವ ಯಂತ್ರವೊಂದನ್ನು ತರಿಸುವವನಿದ್ದ. ಅದಕ್ಕೆ ಮುಂಚೆಯೇ ಇವಳನ್ನು ತಂದು ಕೂರಿಸಿದ. ಯಂತ್ರ ಬರುವವರೆಗೆ ಡ್ರಮ್ಮುಗಳನ್ನು ತೊಳೆಸುವುದು, ತುಂಬಿಸುವುದು, ನಾನು “ಕಟ್ಟು” ಎಂದ ಮೇಲೆ ಪುಸ್ತಕದಲ್ಲಿ ಸಹಿ ಹಾಕುವುದು ಅವಳ ಕೆಲಸ.

ಮೊದಲ ದಿನವೇ ಡಬ್ಬಿ ಹಿಡಿದುಕೊಂಡು ನನ್ನ ಮೂಲೆಗೆ ಬಂದುಬಿಟ್ಟಳು.

“ಇಲ್ಯಾಕೆ ಬಂದೆ? ಅಲ್ಲಿ ಜಾಗ ಇಲ್ವಾ?” ಎಂದೆ.

“ಅಲ್ಲಿ ಬರೀ ಕ್ರಿಕೆಟ್ ಮಾತು ನಾಗಕ್ಕ. ನಂಗೆ ತಲೆನೋವು ಬರುತ್ತೆ,” ಎಂದು ಕೂತೇಬಿಟ್ಟಳು. “ನೀವು ಬೈದ್ರೂ ಪರವಾಗಿಲ್ಲ.”

ಮೂರು ತಿಂಗಳು ಬೈದೆ. ಅವಳು ಮೂರು ತಿಂಗಳೂ ಪಕ್ಕದಲ್ಲೇ ಕೂತು ಉಂಡಳು. ನನಗೆ ಅವಳು ಬರುವುದು ಇಷ್ಟವೂ ಹೌದು, ಹೆದರಿಕೆಯೂ ಹೌದು. ಹನ್ನೆರಡೂವರೆಗೆ ಅವಳ ಚಪ್ಪಲಿ ಸದ್ದಿಗೆ ಕಾಯುತ್ತಿದ್ದೆ. ಬಂದ ಮೇಲೆ ಒಂದು ಮೊಳ ದೂರ ಸರಿದು ಕೂರುತ್ತಿದ್ದೆ.

ಆ ಬುಧವಾರ ಮಾತ್ರ ಅವಳು ಹಂಡೆಯ ಹತ್ತಿರವೇ ಬಂದು ನಿಂತಳು, ನೋಟ್‌ಬುಕ್ ಹಿಡಿದುಕೊಂಡು.

“ನಾಗಕ್ಕ, ಇವತ್ತು ನಂಗೆ ಮೂಸೋದು ಹೇಳ್ಕೊಡಿ. ಯಂತ್ರ ಬಂದ್ರೂ ನಿಮ್ಮಷ್ಟು ಬರಲ್ಲ ಅಂತ ನಂದೀಶ್ ಸಾರ್ ಹೇಳ್ತಿದ್ರು.”

ಪಾತ್ರೆ ತುಂಬಿತ್ತು. ಮುರಳಿ ಚೀಟಿ ಹಿಡಿದು ನಿಂತಿದ್ದ. ತೊಟ್ಟಿಯ ಕಡೆ ಹೊರಟೆ, ಅವಳೂ ಹೊರಟಳು. ಕೈ ತೊಳೆದೆ, ಪಕ್ಕದಲ್ಲೇ ನಿಂತಳು. ಬಾಟಲಿಯನ್ನು ಮುಟ್ಟುವಂತಿರಲಿಲ್ಲ. ಒಂದು ದಿನ ತಾನೇ, ಈ ಮಾಲು ಯಾವಾಗಲೂ ಕಳಿಸುವವರದೇ ಎಂದು ನನಗೆ ನಾನೇ ಹೇಳಿಕೊಂಡೆ. ಬಂದು ಪಟ್ಟಿ ಅದ್ದಿದೆ, ಬೀಸಿದೆ, ಮೂಗಿಗೆ ಹಿಡಿದೆ. ಚುರುಕ್ ಎಂದು ಸ್ವಲ್ಪ ಉರಿಯಿತು. ಅಸಿಟೋನಿನ ಉರಿ ನನಗೆ ಇನ್ನೂ ಗೊತ್ತಾಗುತ್ತದೆ, ವಾಸನೆ ಮಾತ್ರ ಇಲ್ಲ.

“ಕಟ್ಟು,” ಎಂದೆ.

ಕೃಪಾ ತಾನೂ ಒಂದು ಪಟ್ಟಿ ಅದ್ದಿ ಮೂಸಿದಳು. ಹುಬ್ಬು ಗಂಟಿಕ್ಕಿತು. “ಒಂದ್ನಿಮಿಷ ನಾಗಕ್ಕ. ಪೆಟ್ರೋಲ್ ತರ ಬರ್ತಿದೆಯಲ್ವಾ?”

ಅಲ್ಲೇ ನಿಲ್ಲಿಸಬಹುದಿತ್ತು. ಇನ್ನೊಂದು ಸಲ ನೋಡೋಣ ಎಂದಿದ್ದರೆ ಸಾಕಿತ್ತು. ಆದರೆ ಮುರಳಿ ನೋಡುತ್ತಿದ್ದ, ಇನ್ನಿಬ್ಬರು ತಿರುಗಿ ನಿಂತಿದ್ದರು, ನನ್ನ ಬಾಯಿ ನನ್ನ ಮಾತು ಕೇಳಲಿಲ್ಲ.

“ಸ್ಕೂಟ್ರು ಓಡಿಸ್ಕಂಡು ಬಂದು ಪೆಟ್ರೋಲ್ ಕೈಯಾಗೇ ಮೂಸಿದ್ರೆ ಇನ್ನೇನು ಮಲ್ಲಿಗೆ ಹೂವು ಬತ್ತದಾ? ಮೊನ್ನೆ ಬಂದೋಳು ನಂಗೆ ಹೇಳಕ್ ಬತ್ತೀಯ? ಹತ್ತೊಂಬತ್ತು ವರ್ಸ ಆಯ್ತು ನಾನಿಲ್ಲಿ ನಿಂತು. ನಿನ್ ಮೂಗು ಇನ್ನೂ ಬಲೀಬೇಕು, ಓಗು!”

ಎಲ್ಲರೂ ನಕ್ಕರು. ಅವಳ ಮುಖ ಕೆಂಪಾಯಿತು. ಅಂಗೈಯನ್ನು ಮೂಸಿಕೊಂಡಳು, ಮತ್ತೊಮ್ಮೆ ಪಟ್ಟಿ ಮೂಸಿದಳು, ಸಹಿ ಹಾಕಿದಳು. ಮುರಳಿ ಹಸಿರು ಚೀಟಿ ಕಟ್ಟಿದ. ಸಂಜೆ ಎಲ್ಲರೂ ಹೋದ ಮೇಲೆ ಪಾತ್ರೆಯ ತಳದಲ್ಲಿ ಉಳಿದಿದ್ದನ್ನು ನಾಲ್ಕು ಹನಿ ಬಾಟಲಿಗೆ ಬಿಟ್ಟು ಕುಲುಕಿದೆ. ಬೆಳ್ಳಗಾಯಿತು. ಅಷ್ಟು ಹೊತ್ತಿಗೆ ಲಾರಿ ಹೋಗಿ ಮೂರು ಗಂಟೆಯಾಗಿತ್ತು. ಫೋನು ಕೈಯಲ್ಲಿತ್ತು. ನಾನು ಯಾರಿಗೂ ಫೋನು ಮಾಡಲಿಲ್ಲ.

ಹತ್ತು ದಿನದ ಮೇಲೆ, ಶನಿವಾರ, ನಾಲ್ಕು ಡ್ರಮ್ಮುಗಳೂ ವಾಪಸ್ಸು ಬಂದವು. ಕನ್ನಡಕದ ಗಾಜಿನವರದು. ತೊಳೆದ ಗಾಜಿನ ಮೇಲೆಲ್ಲ ಮಂಜು ಕೂತಂತೆ ಕಲೆಯಾಗಿದೆಯಂತೆ. ನಂದೀಶ್ ಒಂದು ಡ್ರಮ್ಮಿನ ಮುಚ್ಚಳ ತೆಗೆದು ತಾನೇ ಮೂಸಿ ನೋಡಿದ. ಅವನಂಥವನಿಗೂ ಗೊತ್ತಾಯಿತು.

“ಹೆಕ್ಸೇನ್,” ಎಂದ. ಆಮೇಲೆ ಕೃಪಾಳ ಕಡೆ ತಿರುಗಿದ. “ಅಕ್ಕ ಪಾಸ್ ಮಾಡಿರೋ ಮಾಲು ಇದು. ಅಕ್ಕನ ಮೂಗು ಇವತ್ತಿನವರೆಗೂ ತಪ್ಪಿಲ್ಲ. ಅಂದ್ರೆ ತುಂಬಿಸ್ದಾಗ ಬೆರೆತಿದೆ. ಹೆಕ್ಸೇನ್ ಇದ್ದ ಡ್ರಮ್‌ನ ತೊಳೆಸ್ದೆ ತುಂಬಿಸಿದೀಯಾ. ಅಲ್ವಾ?”

“ಇಲ್ಲ ಸಾರ್. ನಾನೇ ನಿಂತು ತೊಳೆಸಿದೀನಿ. ಅವತ್ತೇ ನಂಗೆ…” ಎಂದು ಅವಳು ನನ್ನನ್ನು ನೋಡಿದಳು.

ನಾನು ಡಯಲ್ ನೋಡಿದೆ. ಹಂಡೆ ಆರಿಹೋಗಿತ್ತು, ಡಯಲ್ಲಿನಲ್ಲಿ ನೋಡುವಂಥದ್ದು ಏನೂ ಇರಲಿಲ್ಲ.

ಸೋಮವಾರ ಬಂದು ಬ್ಯಾಗು ತೆಗೆದುಕೊಂಡು, ಕೆಲಸ ಬಿಡುತ್ತೇನೆಂದು ಬರೆದುಕೊಟ್ಟು ಹೋಗು ಎಂದ ನಂದೀಶ್. ಕೃಪಾ ತಲೆಯಾಡಿಸಿದಳು. ಅಂದು ಮಧ್ಯಾಹ್ನ ನನ್ನ ಮೂಲೆಗೆ ಅವಳು ಬರಲಿಲ್ಲ.

ರಾಜಗೋಪಾಲನಗರದ ನನ್ನ ಒಂಟಿ ಕೋಣೆಯಲ್ಲಿ ಆ ಭಾನುವಾರ ಮುಗಿಯಲೇ ಇಲ್ಲ. ಬಟ್ಟೆ ಒಗೆದೆ. ಒಗೆದ ಬಟ್ಟೆಯನ್ನೇ ಮತ್ತೆ ಒಗೆದೆ. ಮೇಲಿನ ಮನೆಗೆ ನೆಂಟರು ಬಂದಿದ್ದರು, ಒಗ್ಗರಣೆಯ ಚಟಪಟ ಕೇಳುತ್ತಿತ್ತು. ಏನಕ್ಕೆ ಹಾಕಿದ ಒಗ್ಗರಣೆಯೋ ನನಗೆ ತಿಳಿಯುವಂತಿರಲಿಲ್ಲ. ಸುಮ್ಮನಿದ್ದರೆ ಏನಾಗುತ್ತದೆ ಎಂದು ಲೆಕ್ಕ ಹಾಕಿದೆ. ಏನೂ ಆಗುವುದಿಲ್ಲ. ಕೃಪಾ ಹೋಗುತ್ತಾಳೆ, ಓದಿದ ಹುಡುಗಿ, ಇನ್ನೊಂದು ಕೆಲಸ ಸಿಗುತ್ತದೆ. ನಾನು ಬಾಟಲಿ ಕುಲುಕಿಕೊಂಡು ಯಂತ್ರ ಬರುವವರೆಗೆ ನಾಗಕ್ಕನಾಗಿಯೇ ಇರುತ್ತೇನೆ. ಆದರೆ ಅವಳು ತನ್ನ ಅಂಗೈಯನ್ನು ಮೂಸಿಕೊಂಡದ್ದು ಕಣ್ಣ ಮುಂದಿನಿಂದ ಹೋಗಲೊಲ್ಲದು. ತನ್ನ ಮೂಗನ್ನೇ ತಾನು ನಂಬದಿರುವುದು ಎಂಥದ್ದು ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಚೆನ್ನಾಗಿದ್ದ ಮೂಗಿಗೆ ಆ ರೋಗ ಅಂಟಿಸಿದವಳು ನಾನು. ಥೂ, ನನ್ನ ಜನ್ಮಕ್ಕಿಷ್ಟು ಎನಿಸಿತು. ಅಂದು ಸಂಜೆಯವರೆಗೆ ಯಾರೊಡನೆಯೂ ಒಂದು ಮಾತೂ ಆಡಿರಲಿಲ್ಲ, ಆಡಲು ಯಾರೂ ಇರಲಿಲ್ಲ.

ಸೋಮವಾರ ನಾನು ಹೋಗುವಷ್ಟರಲ್ಲಿ ಕೃಪಾ ನಂದೀಶನ ಮೇಜಿನ ಮುಂದೆ ಬರೆಯುತ್ತಾ ಕೂತಿದ್ದಳು. ನಾನು ಬಾಗಿಲಲ್ಲೇ ನಿಂತೆ.

“ನಂದೀಶಪ್ಪ, ಅದ ಬರೆಸ್ಬ್ಯಾಡ. ತಪ್ಪು ನಂದು.”

“ಏನಕ್ಕ?”

“ನಂಗೆ ವಾಸ್ನೆ ಬರಕಿಲ್ಲ. ಮೂರು ವರ್ಸ ಆಯ್ತು.”

ಅವನು ನಕ್ಕುಬಿಟ್ಟ. ನಿಜವಾಗಿಯೂ ನಕ್ಕ. “ಅಕ್ಕ, ನಿಂಗೆ ಬಾಯಿ ಜೋರು ಅಂತಾರೆ, ಮನಸ್ಸು ಎಷ್ಟು ಮೆತ್ತಗೆ ನೋಡು. ಹುಡುಗೀನ ಉಳಿಸೋಕೆ ಇಂಥ ಸುಳ್ಳು ಯಾಕಕ್ಕ? ಹೋಗು, ಹಂಡೆ ನೋಡು ಹೋಗು.”

ದೇವರೇ, ನಿಜ ಹೇಳಿದರೂ ನಂಬದಷ್ಟು ಎತ್ತರಕ್ಕೆ ನನ್ನನ್ನು ಕೂರಿಸಿದ್ದ. ಅಲ್ಲಿಂದ ತಿರುಗಿ ಹೋಗಿಬಿಡಬಹುದಿತ್ತು. ಹೇಳಿದೆ, ಅವನು ನಂಬಲಿಲ್ಲ, ನಾನೇನು ಮಾಡಲಿ ಎನ್ನಬಹುದಿತ್ತು. ಒಂದು ಗಳಿಗೆ ಕಾಲು ತಿರುಗಿಯೂ ತಿರುಗಿತು. ಕೃಪಾ ತಲೆಯೆತ್ತಿ ನನ್ನನ್ನೇ ನೋಡುತ್ತಿದ್ದಳು.

“ಕಣ್ಣು ಮುಚ್ಕಂತೀನಿ,” ಎಂದೆ. “ನಿಂಗೆ ಬೇಕಾದ್ ಬಾಟ್ಲಿ ತಂದು ಮೂಗಿಗಿಡಿ. ಎಲ್ರನ್ನೂ ಕರಿ.”

ಎಲ್ಲರೂ ಬಂದರು. ಮುರಳಿ ಪಟ್ಟಿಯ ಡಬ್ಬದ ಪಕ್ಕದಲ್ಲಿ ನಿಂತ. ನಾನು ಸೆರಗಿನಿಂದ ಕಣ್ಣು ಮುಚ್ಚಿಕೊಂಡೆ. ಮುಚ್ಚಳ ತಿರುಗಿಸುವ ಸದ್ದು ಕೇಳಿತು. ಎದುರಿಗೆ ಏನೋ ಬಂತು. ಉಸಿರೆಳೆದುಕೊಂಡೆ, ಮತ್ತೆ ಎಳೆದುಕೊಂಡೆ. ಉರಿಯೂ ಇಲ್ಲ, ಏನೂ ಇಲ್ಲ.

“ನೀರು,” ಎಂದೆ.

ಕಣ್ಣು ತೆರೆದೆ. ನಂದೀಶನ ಕೈಯಲ್ಲಿದ್ದದ್ದು ಹೆಕ್ಸೇನ್ ಬಾಟಲಿ. ದೂರದಲ್ಲಿ ನಿಂತಿದ್ದವರು ಆಗಲೇ ಮೂಗಿಗೆ ಕರವಸ್ತ್ರ ಹಿಡಿದುಕೊಂಡಿದ್ದರು.

ನಂದೀಶ್ ಬೈದಿದ್ದರೆ ನಾನೂ ನಾಲ್ಕು ಬೈದು ಹಗುರಾಗುತ್ತಿದ್ದೆ. ಅವನು ಬೈಯಲಿಲ್ಲ. ಬಾಟಲಿಗೆ ಮುಚ್ಚಳ ಹಾಕಿದ. “ನಾನು ಸ್ಕೂಲಿಂದ ಬಂದು ನಿನ್ನ ಹತ್ರ ಕೂತ್ಕೊತಿದ್ದೆ ಅಕ್ಕ. ನಂಗಾದ್ರೂ ಹೇಳ್ಬಹುದಿತ್ತು,” ಎಂದ. ಆಮೇಲೆ ಬೇರೆ ದನಿಯಲ್ಲಿ, “ಇವತ್ತಿಂದ ಹಂಡೆ ಹತ್ರ ಮುರಳಿ ನಿಂತ್ಕೊತಾನೆ. ಕೃಪಾ ಪಾಸ್ ಮಾಡ್ತಾಳೆ. ನೀನು ಡ್ರಮ್ ತೊಳೆಯೋ ಕಡೆ ಇರು,” ಎಂದು ಹೊರಗೆ ಹೋಗಿಬಿಟ್ಟ. ಕೃಪಾ ತಾನು ಬರೆದ ಕಾಗದವನ್ನು ಎರಡಾಗಿ ಹರಿದು ಬುಟ್ಟಿಗೆ ಹಾಕಿದಳು. ನನ್ನ ಕಡೆ ನೋಡಲಿಲ್ಲ.

ಮಧ್ಯಾಹ್ನ ಡ್ರಮ್ ತೊಳೆಯುವ ಕಟ್ಟೆಯ ಮೇಲೆ ಡಬ್ಬಿ ಇಟ್ಟುಕೊಂಡು ಕೂತೆ. ಬಿಚ್ಚುವ ಮನಸ್ಸಾಗಲಿಲ್ಲ. ಶೆಡ್ಡಿನೊಳಗಿಂದ ಕೃಪಾಳ ದನಿ ಕೇಳಿತು, “ಕಟ್ಟಿ” ಎಂದಳು ಮುರಳಿಗೆ. ಮೆಲ್ಲಗೆ, ಕೇಳಿಯೂ ಕೇಳದಂತೆ. ಅದು ನನ್ನ ಮಾತಾಗಿತ್ತು.

ಆಮೇಲೆ ಅವಳು ಈಚೆ ಬಂದಳು. ಡಬ್ಬಿ ತಂದಿರಲಿಲ್ಲ. ಕೂರಲೂ ಇಲ್ಲ.

“ಅವತ್ತು ನಾನು ಕೇಳ್ದೆ,” ಎಂದಳು. “ನೀವು ಎಲ್ರ ಮುಂದೆ ನಗಿಸಿದ್ರಿ.”

“ಊಂ.”

“ಹನ್ನೆರಡು ದಿನದಿಂದ ಸಿಕ್ಕಿದ್ದನ್ನೆಲ್ಲ ಮೂಸಿ ಮೂಸಿ ನೋಡ್ತಿದೀನಿ. ನನ್ನ ಮೂಗೇ ಸರಿಯಿಲ್ಲ ಅನ್ಕೊಂಡಿದ್ದೆ.”

“ತಪ್ಪಾಯ್ತು ಕಣವ್ವ.”

“ಪರವಾಗಿಲ್ಲ ಬಿಡಿ ಅಂತ ನಾನೇನು ಹೇಳಲ್ಲ. ನಂಗಿನ್ನೂ ಕೋಪ ಇದೆ.”

“ಇರ್ಲಿ. ಇರ್ಬೇಕು.”

ಅವಳು ಹೊರಟಳು. ನಾಲ್ಕು ಹೆಜ್ಜೆ ಹೋದವಳು ನಿಂತಳು. ತಿರುಗಿ ಬಂದಾಗಲೂ ಮುಖ ಅದೇ ಸಿಟ್ಟಿನ ಮುಖ, ದನಿಯೂ ಜಗಳದ್ದೇ.

“ಮನೇಲಿ ಒಬ್ರೇ ತಾನೆ ಇರೋದು ನೀವು?”

“ಊಂ. ಯಾಕೆ?”

“ಗ್ಯಾಸ್ ಲೀಕ್ ಆದ್ರೆ ಹೆಂಗೆ ಗೊತ್ತಾಗುತ್ತೆ ನಿಮಗೆ?”

ಅದೆಲ್ಲ ನಿನಗ್ಯಾಕೆ ಎನ್ನಲು ಬಾಯಿ ತೆರೆದೆ. ಮೂರು ವರ್ಷದಲ್ಲಿ ಇದನ್ನು ಕೇಳುವವರು ಯಾರೂ ಇರಲಿಲ್ಲ. ಕೇಳುವಷ್ಟು ಹತ್ತಿರಕ್ಕೆ ನಾನೇ ಯಾರನ್ನೂ ಬಿಟ್ಟುಕೊಂಡಿರಲಿಲ್ಲ. ಕಣ್ಣು ತುಂಬಿ ಎದುರಿಗಿದ್ದ ಹುಡುಗಿ ಸರಿಯಾಗಿ ಕಾಣದಾದಳು.

“ಗೊತ್ತಾಗಕಿಲ್ಲ ಕಣೆ,” ಎಂದೆ. “ಆಫ್ ಮಾಡಿದ್ನೋ ಇಲ್ವೋ ಅಂತ ನಾಕ್ ನಾಕ್ ಸಲ ಎದ್ದು ನೋಡ್ತೀನಿ. ಮಳೆ ಬಂದ್ರೂ ಕಿಟ್ಕಿ ತೆಗ್ದೇ ಮಲಗ್ತೀನಿ. ದಿನಾ ಭಯ ಆಯ್ತದೆ.”